ಡಾಲ್ಡಾ ಡಬ್ಬಿಯ ತಗಡು

ಸೀತನಿ ಬೆಂಕಿಯ ಸುತ್ತ ಕೂತರೆ ನಮ್ಮ ಮನೆಯಲ್ಲಿ ಯಾರಾದರೊಬ್ಬರು ಜವಳದ ಕಥೆ ತೆಗೆದೇ ತೆಗೆಯುತ್ತಾರೆ. 2025ರ ಜನವರಿಯಲ್ಲೂ ಹಾಗೇ ಆಯಿತು. ಲಿಂಗಸುಗೂರಿನ ಹೊರಗೆ ಅಕ್ಕನ ಹೊಲ. ಹಾಲುಗಾಳು ಗಟ್ಟಿಯಾಗುವ ಹೊತ್ತಿನ ಜೋಳದ ತೆನೆ, ಕುಳ್ಳಿನ ಕೆಂಡ, ಪಕ್ಕದಲ್ಲಿ ಶೇಂಗಾ ಹಿಂಡಿ, ಬೆಲ್ಲ, ಮೊಸರು. ಭಾವ ಸುಟ್ಟ ತೆನೆಯನ್ನು ತಿಕ್ಕಿ ಕಾಳು ಉದುರಿಸಿ ಕೊಡುತ್ತಿದ್ದರು, ನಾವು ತಿನ್ನುತ್ತಿದ್ದೆವು. ಕತ್ತಲಾದ ಮೇಲೆ ಬೆಂಗಳೂರಿನಿಂದ ಅಳಿಯ ಬಂದಿಳಿದ, ಹೊಸದಾಗಿ ಕೊಂಡ ಹಳೇ ಬುಲೆಟ್ಟಿನ ಮೇಲೆ. ಚೀಲ ಇಳಿಸಿ ಬೆಂಕಿಗೆ ಕೈಯೊಡ್ಡಿದವನು ಮೊದಲು ಹೇಳಿದ್ದು ಇದು:

"ಮಾಮಾ, ನೆಲಮಂಗಲ ದಾಟೋದ್ರಾಗ ಎರಡು ಸಲ ನಿಂತ್ತು. ಹತ್ತು ನಿಮಿಷ ಬಿಟ್ಟು ಕಿಕ್ ಹೊಡದ್ರ ಮತ್ತ ಚಾಲೂ. ಪೆಟ್ರೋಲ್ ಪೈಪಿಗೆ ಬೆಳ್ಳಿ ಬಣ್ಣದ ಸ್ಲೀವ್ ಬ್ಯಾರೆ ಹಾಕ್ಸೀನಿ, ಬಿಸಿ ತಾಗಬಾರದು ಅಂತ."

ಅಕ್ಕ ನಕ್ಕಳು. "ನಿನ್ನ ಜವಳದ ದಿನಾನೂ ಹಿಂಗ ನಿಂತಿತ್ತು." ಆಮೇಲೆ ನಾನು ಕಥೆ ಹೇಳದೆ ಉಳಿಯುವ ಹಾಗಿರಲಿಲ್ಲ.

1996ರ ಮೇ ತಿಂಗಳು. ನಾನಾಗ ಡಿಪ್ಲೊಮಾ ಮುಗಿಸಿ ಗಂಗಾವತಿಯ ಅಕ್ಕಿ ಗಿರಣಿಯೊಂದರಲ್ಲಿ ಮೋಟಾರುಗಳನ್ನು ನೋಡಿಕೊಳ್ಳುತ್ತಿದ್ದೆ. ಯಂತ್ರದ ವಿಷಯ ಬಂದರೆ ನನಗಿಂತ ಬಲ್ಲವರಿಲ್ಲ ಎಂಬ ವಯಸ್ಸು. ಎರಡನೇ ಕೈಯಿಂದ ಕೊಂಡ 350 ಬುಲೆಟ್ ಇತ್ತು. ಬಲಗಾಲಿಗೆ ಗೇರು, ಎಡಗಾಲಿಗೆ ಬ್ರೇಕು, ಹೆಡ್‌ಲೈಟಿನ ಮೇಲೆ ಆಮೀಟರು. ಅದರ ಮುಳ್ಳು ನೋಡಿ, ಡಿಕಂಪ್ರೆಸರ್ ಹಿಡಿದು, ಸಮಯ ಸಾಧಿಸಿ ಕಿಕ್ ಹೊಡೆಯಬೇಕು. ತಪ್ಪಿದರೆ ಮೊಣಕಾಲಿಗೆ ಉತ್ತರ ಬರುತ್ತಿತ್ತು.

ಅಕ್ಕನ ಮಗನಿಗೆ ಜವಳ ಎಂದು ಕಾಗದ ಬಂತು. ಜವಳದಲ್ಲಿ ಮೊದಲ ಕೂದಲಿಗೆ ಕತ್ತರಿ ಇಡುವವನು ಸೋದರಮಾವ. ಊಟಕ್ಕೆ ಎಷ್ಟು ಜನ ಬರುತ್ತಾರೆ, ಯಾರು ಬರುವುದಿಲ್ಲ ಎನ್ನುವುದೆಲ್ಲ ಆಮೇಲಿನ ಮಾತು. ಸೋದರಮಾವ ಬರದಿದ್ದರೆ ಕೂದಲೇ ಇಳಿಯುವುದಿಲ್ಲ. ಅಕ್ಕನಿಗೆ ಇರುವವನು ನಾನೊಬ್ಬನೇ ತಮ್ಮ. ಮಧ್ಯಾಹ್ನ ಒಂದರೊಳಗೆ ಮುಗಿಸಬೇಕೆಂದು ಅಯ್ಯನವರು ಹೇಳಿದ್ದರಂತೆ. ಮಗುವಿಗೆ ಬಟ್ಟೆ, ಬೆಳ್ಳಿ ಉಡಿದಾರ, ಅಕ್ಕನಿಗೆ ಇಳಕಲ್ ಸೀರೆ, ಎಲ್ಲವನ್ನೂ ಒಂದು ಚೀಲಕ್ಕೆ ತುಂಬಿ ಕಾಕಾನ ತೊಡೆಯ ಮೇಲಿಟ್ಟು ಹೊರಡುವುದೆಂದು ತೀರ್ಮಾನವಾಗಿತ್ತು.

ಗಾಡಿಗೆ ಹದಿನೈದು ದಿನದಿಂದ ಒಂದು ರೋಗ. ಬೆಳಿಗ್ಗೆ ಚೆನ್ನಾಗಿ ಓಡುತ್ತದೆ, ಬಿಸಿಲೇರಿದ ಮೇಲೆ ಎಲ್ಲಾದರೂ ನಿಂತು ಹೊರಟರೆ ಸ್ವಲ್ಪ ದೂರ ಹೋಗಿ ಉಸಿರು ಬಿಡುತ್ತದೆ. ಒಂದು ಗ್ಯಾರೇಜಿಗೆ ಬಿಟ್ಟಿದ್ದೆ. ಅವರು ಪ್ಲಗ್ ಬದಲಿಸಿದರು, ಕಂಡೆನ್ಸರ್ ಬದಲಿಸಿದರು, ಕಾರ್ಬ್ಯುರೇಟರ್ ಬಿಚ್ಚಿ ತೊಳೆದರು. ಹೋಗಲಿ ಎಂದು ಹೊಸ ಪೆಟ್ರೋಲ್ ಪೈಪು, ನಡುವೆ ಒಂದು ಪ್ಲಾಸ್ಟಿಕ್ ಫಿಲ್ಟರೂ ಹಾಕಿಕೊಟ್ಟರು. ವಾರ ಓಡಿಸಿದರೂ ರೋಗ ಹೋಗದೆ ಮತ್ತೆ ಅವರಲ್ಲೇ ಬಿಟ್ಟೆ. ಹೊರಡುವ ದಿನ ಗಾಡಿ ಕೈಗೆ ಸಿಕ್ಕಾಗ ಹತ್ತು ಗಂಟೆ. ಆರಕ್ಕೆ ಬಿಡಬೇಕಿದ್ದವರು ಹತ್ತೂವರೆಗೆ ಬಿಟ್ಟೆವು. ಎಲ್ಲ ತೊಂದರೆಯ ಬೇರು ಅಲ್ಲೇ ಇದೆ, ಎರಡು ಅರ್ಥದಲ್ಲೂ.

ಕಾಕಾ ಹಿಂದಿನ ಸೀಟು. ಅವರು ಇಪ್ಪತ್ತು ವರ್ಷ ಅಂಬಾಸಿಡರ್ ಟ್ಯಾಕ್ಸಿ ಓಡಿಸಿದವರು. ಕಣ್ಣು ಮಂಜಾಗಿ ಸ್ಟೇರಿಂಗ್ ಬಿಟ್ಟಿದ್ದರೇ ಹೊರತು ಬಾಯಿ ಬಿಟ್ಟಿರಲಿಲ್ಲ. ಕಾರಟಗಿ ದಾಟಿದೆವು, ಸಿಂಧನೂರು ಮುಟ್ಟಿದೆವು. ಗದ್ದೆಗಳಲ್ಲಿ ಭತ್ತದ ಕೂಳೆ ಮಾತ್ರ, ಕಾಲುವೆಯಲ್ಲಿ ನೀರಿಲ್ಲ. ರಾಯಚೂರು ಜಿಲ್ಲೆಯ ಮೇ ತಿಂಗಳಿಗೆ ನಲವತ್ತು ಡಿಗ್ರಿ ದಾಟುವುದು ಸುದ್ದಿಯೇ ಅಲ್ಲ. ಡಾಂಬರಿನ ಕಾವು ಬೂಟಿನ ತಳದಿಂದ ಏರಿ ಬರುತ್ತಿತ್ತು. "ಒಂದು ಕಪ್ ಚಾ ಕುಡದು ಹೋಗೂಣ" ಎಂದರು ಕಾಕಾ. ಬಿಸಿಲಲ್ಲೇ ಗಾಡಿ ನಿಲ್ಲಿಸಿ ಚಹಾ ಕುಡಿದೆವು. ಇಪ್ಪತ್ತು ನಿಮಿಷ.

ಕಿಕ್ಕಿಗೆ ಗಾಡಿ ಚಾಲೂ ಆಯಿತು. ಊರು ದಾಟಿ ಒಂದು ಕಿಲೋಮೀಟರು ಹೋಗಿರಬೇಕು, ಎಂಜಿನ್ ಎರಡು ಸಲ ಬಿಕ್ಕಿ ನಿಂತಿತು.

ಹತ್ತು ನಿಮಿಷ ಕಾದು ಹೊಡೆದರೆ ಮತ್ತೆ ಓಡಿತು. ಮತ್ತೆ ಒಂದು ಕಿಲೋಮೀಟರು, ಮತ್ತೆ ಬಿಕ್ಕು. ಹೀಗೆ ನಾಲ್ಕು ಸಲ. ಪ್ರತಿ ಸಲವೂ ಒಂದೇ ಅಳತೆಯ ದೂರ. ಆಗಲೇ ನನಗೆ ಹೊಳೆಯಬೇಕಿತ್ತು: ಕಾರ್ಬ್ಯುರೇಟರಿನ ಬಟ್ಟಲಲ್ಲಿ ನಿಲ್ಲುವ ಪೆಟ್ರೋಲು ಅಷ್ಟೇ ದೂರಕ್ಕೆ ಸಾಕು. ಮೇಲಿನಿಂದ ಹೊಸದು ಇಳಿಯುತ್ತಿಲ್ಲ, ಇದ್ದದ್ದನ್ನು ಕುಡಿದು ಮುಗಿಸಿ ನಿಲ್ಲುತ್ತಿದೆ. ಡಿಪ್ಲೊಮಾ ಓದಿದ ತಲೆಗೆ ಇದು ಹೊಳೆಯಲಿಲ್ಲ. ನಾನು ಪ್ಲಗ್ ಬಿಚ್ಚಿ ಬಿಚ್ಚಿ ನೋಡುತ್ತಿದ್ದೆ.

ಕಾಕಾ ಬಗ್ಗಿ ಎಂಜಿನ್ನಿನ ಎಡಗಡೆ ನೋಡಿದರು. "ತಮ್ಮಾ, ಪೈಪಿನ್ಯಾಗ ಗುಳ್ಳಿ ಏಳಾಕತ್ಯಾವು ನೋಡು."

ನೋಡಿದೆ. ಒಳಗಿನದು ಕಾಣುವಂಥ ಪ್ಲಾಸ್ಟಿಕ್ ಪೈಪು. ಟ್ಯಾಂಕಿನ ಕೆಳಗಿನ ಕಾಕ್‌ನಿಂದ ಹೊರಟು, ಬೋರಿನ, ಅಂದರೆ ಸಿಲಿಂಡರಿನ, ಪಕ್ಕದಲ್ಲೇ ಇಳಿದು, ಹಿಂದಿನ ಕಾರ್ಬ್ಯುರೇಟರಿಗೆ ಹೋಗಬೇಕಾದದ್ದು. ಅದರೊಳಗೆ ಸಾರು ಕುದಿಯುವಾಗ ಏಳುವ ಹಾಗೆ ಸಣ್ಣ ಸಣ್ಣ ಗುಳ್ಳೆ ಮೇಲೇರುತ್ತಿದ್ದವು.

"ಅಂಬಾಸಿಡರಿಗೂ ಬ್ಯಾಸಿಗ್ಯಾಗ ಇದ ಗೋಳು. ಪಂಪಿನ ಮ್ಯಾಲ ಹಸಿ ಅರಿವಿ ಹಾಕ್ತಿದ್ವಿ" ಎಂದರು.

"ಅದು ಕಾರಿನ ರೋಗ ಕಾಕಾ. ಇದಕ್ಕ ಪಂಪ್ ಎಲ್ಲೈತಿ?" ಎಂದೆ. ಈ ಮಾತನ್ನು ನಾನು ಆಡಿದ್ದೇನೆಂದು ಒಪ್ಪಿಕೊಳ್ಳಲು ಈಗಲೂ ನಾಚಿಕೆಯಾಗುತ್ತದೆ, ಅದಕ್ಕೇ ಪ್ರತಿ ಸಲವೂ ಕಥೆಯಲ್ಲಿ ಸೇರಿಸುತ್ತೇನೆ. ಪಂಪ್ ಇಲ್ಲದಿರುವುದೇ ಕುತ್ತಾಗಿತ್ತು. ಬುಲೆಟ್ಟಿನಲ್ಲಿ ಪೆಟ್ರೋಲು ತನ್ನ ತೂಕದಿಂದ ತಾನೇ ಇಳಿಯಬೇಕು. ಟ್ಯಾಂಕಿಗೂ ಕಾರ್ಬ್ಯುರೇಟರಿಗೂ ಇರುವುದು ಒಂದಡಿ ಎತ್ತರ. ಈಗಿನ ಇಂಜೆಕ್ಷನ್ ಗಾಡಿಯ ಪಂಪು ತಳ್ಳುವ ಬಲದ ಮುಂದೆ ಆ ಒಂದಡಿಯ ಒತ್ತಡ ನೂರರಲ್ಲೊಂದು ಪಾಲೂ ಆಗುವುದಿಲ್ಲ. ಪೈಪಿನಲ್ಲಿ ಆವಿಯ ಗುಳ್ಳೆ ಒಂದು ಸಲ ಅಡ್ಡ ಕೂತರೆ ಅದನ್ನು ಕೆಳಗೆ ತಳ್ಳುವವರು ಯಾರು? ಗುಳ್ಳೆಗೆ ಮೇಲೇರಬೇಕು, ಪೆಟ್ರೋಲಿಗೆ ಕೆಳಗಿಳಿಯಬೇಕು. ಕಿರಿದಾದ ಸಂದಿಯಲ್ಲಿ ಎದುರುಬದುರಾದ ಎರಡು ಎತ್ತಿನ ಗಾಡಿಗಳ ಕಥೆ. ಮೆಕ್ಯಾನಿಕ್‌ಗಳು ಇದನ್ನು ಏರ್ ಲಾಕ್ ಎನ್ನುತ್ತಾರೆ. ಏರೇನೂ ಇಲ್ಲ, ಅದು ಪೆಟ್ರೋಲಿನದೇ ಆವಿ. ಆದರೂ ಹೆಸರು ಒಪ್ಪುತ್ತದೆ, ಬಾಗಿಲಿಗೆ ಬೀಗ ಬಿದ್ದಂತೆಯೇ.

ಕಾಕಾ ನನ್ನ ಮಾತಿಗೆ ಉತ್ತರ ಕೊಡಲಿಲ್ಲ. ಹೆಗಲ ಮೇಲಿನ ಟವೆಲ್ಲನ್ನು ಕುಡಿಯುವ ನೀರಿನಲ್ಲಿ ನೆನೆಸಿ, ಹಿಂಡಿ, ಪೈಪಿಗೆ ಸುತ್ತಿದರು. ಬೇಸಿಗೆಯಲ್ಲಿ ನೀರಿನ ಗಡಿಗೆಗೆ ಹಸಿ ಬಟ್ಟೆ ಸುತ್ತುವ ಮನೆಯಿಂದ ಬಂದವರಿಗೆ ಇದನ್ನು ಯಾರೂ ಕಲಿಸಬೇಕಿಲ್ಲ. ಅಲ್ಲಿನ ಒಣಗಾಳಿಯಲ್ಲಿ ಹಸಿ ಬಟ್ಟೆಯ ನೀರು ಸರಸರ ಆರುತ್ತದೆ, ಆರುತ್ತಾ ತಂಪನ್ನು ಒಳಗೆ ಬಿಟ್ಟುಹೋಗುತ್ತದೆ. ಮಂಗಳೂರಿನ ಬೆವರುವ ಹವೆಯಲ್ಲಿ ಈ ಉಪಾಯ ಇಷ್ಟು ನಡೆಯುತ್ತಿರಲಿಲ್ಲ. ಐದು ನಿಮಿಷ ಬಿಟ್ಟು ಕಿಕ್ ಹೊಡೆದೆ. ಗಾಡಿ ಹೊರಟಿತು. ಒಂದು ಕಿಲೋಮೀಟರು ದಾಟಿತು, ಎರಡು ದಾಟಿತು. ಹಿಂದಿನಿಂದ ಕಾಕಾ ಒಂದು ಮಾತೂ ಆಡಲಿಲ್ಲ. ಆಡಿದ್ದರೆ ಚೆನ್ನಾಗಿತ್ತು.

ಟವೆಲ್ ಒಣಗಿದಾಗ ಮತ್ತೆ ನಿಂತೆವು, ಮತ್ತೆ ನೀರು. ಮಸ್ಕಿ ಕಾಣುವ ಹೊತ್ತಿಗೆ ಕುಡಿಯುವ ನೀರೆಲ್ಲ ಗಾಡಿಯೇ ಕುಡಿದಿತ್ತು. ಅಶೋಕನ ಹೆಸರು ಕೆತ್ತಿದ ಶಾಸನ 1915ರಲ್ಲಿ ಸಿಕ್ಕ ಊರು ಅದು. ಗುಡ್ಡ ತೋರಿಸಿ ನಾನು ಅದನ್ನೇ ಹೇಳಿದರೆ ಕಾಕಾ ಅಂದದ್ದು: "ಅವ ಕುದುರಿ ಮ್ಯಾಲ ಬಂದಿರಬೇಕು. ಅದಕ್ಕ ಮುಟ್ಟ್ಯಾನ."

ರಸ್ತೆ ಬದಿ ಬೇವಿನ ಮರ, ಅದರ ಕೆಳಗೆ ಪಂಕ್ಚರ್ ಅಂಗಡಿ. ಬಿಳಿ ಗಡ್ಡದ, ಬನಿಯನ್ ತೊಟ್ಟ ಒಬ್ಬ ಚಾಚಾ ಟ್ಯೂಬನ್ನು ನೀರಿನ ಬೋಗುಣಿಯಲ್ಲಿ ಮುಳುಗಿಸಿ ತೂತು ಹುಡುಕುತ್ತಿದ್ದರು. ಟವೆಲ್ ಸುತ್ತಿಕೊಂಡ ಬುಲೆಟ್ ನೋಡಿ ಎದ್ದು ಬಂದರು.

"ಜ್ವರ ಬಂದದೇನ್ರೀ ಸರ್ ಇದಕ್ಕ?"

ನಾನು ಗ್ಯಾರೇಜಿನವರು ಬದಲಿಸಿದ್ದರ ಪಟ್ಟಿ ಒಪ್ಪಿಸಿದೆ. ಅವರು ಅದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ಆ ಮನುಷ್ಯ ನೋಡಿದ ಕ್ರಮ ನನಗೆ ಇವತ್ತಿಗೂ ನೆನಪಿದೆ, ಏಕೆಂದರೆ ಕಾಲೇಜಿನಲ್ಲಿ ಯಾರೂ ನನಗೆ ಹಾಗೆ ನೋಡಲು ಕಲಿಸಿರಲಿಲ್ಲ. ಮೊದಲು ಪ್ಲಗ್ ಬಿಚ್ಚಿ ಬೋರಿಗೆ ತಾಗಿಸಿ ಕಿಕ್ ಹೊಡೆಸಿದರು: ಕಿಡಿ ನೀಲಿಯಾಗಿ ಚಟ್ಟೆಂದು ಬಂತು. ಬಿಸಿಯಾದಾಗ ಕೈಕೊಡುವ ಕಂಡೆನ್ಸರೂ ಥೇಟ್ ಇದೇ ನಾಟಕ ಆಡುತ್ತದೆ. ಆದ್ದರಿಂದ ಗ್ಯಾರೇಜಿನವರ ಗುಮಾನಿ ತಪ್ಪಲ್ಲ, ಆದರೆ ಬಿಸಿಯಾಗಿದ್ದಾಗ ಅವರು ನೋಡಿರಲೇ ಇಲ್ಲ. ಆಮೇಲೆ ಟ್ಯಾಂಕಿನ ಮುಚ್ಚಳ ತೆಗೆದು ಕಿವಿಗೊಟ್ಟರು. ಮುಚ್ಚಳದ ಗಾಳಿ ತೂತು ಕಟ್ಟಿದರೂ ಪೆಟ್ರೋಲು ಇಳಿಯುವುದಿಲ್ಲ, ತೆಗೆದ ಕೂಡಲೇ ಬುಸ್ಸೆಂದು ಗಾಳಿ ಎಳೆದುಕೊಳ್ಳುತ್ತದೆ. ಆ ಸದ್ದು ಬರಲಿಲ್ಲ. ಆಮೇಲೆ ಕಾರ್ಬ್ಯುರೇಟರಿನ ತುದಿಯಲ್ಲಿ ಪೈಪು ಕಿತ್ತು ಡಬ್ಬಿಗೆ ಹಿಡಿದರು. ಧಾರೆಯಾಗಿ ಬೀಳಬೇಕಿದ್ದದ್ದು ಉಗುಳಿ ಉಗುಳಿ ಬಿತ್ತು.

ಅಷ್ಟರಲ್ಲಿ ಕಾಕಾ ಬೀಡಿ ಹಚ್ಚಿದ್ದರು. ಚಾಚಾ ತಿರುಗಿ ನೋಡಿದ ನೋಟಕ್ಕೇ ಬೀಡಿ ಆರಬೇಕಿತ್ತು. "ಯಜಮಾನ್ರೇ, ಆ ಗಿಡದ ಆಚಿಗೆ ಹೋಗ್ರಿ. ಇಲ್ಲಿ ಕಣ್ಣಿಗೆ ಕಾಣ್ಲಾರ್ದ ಪೆಟ್ರೋಲ್ ಭಾಳ ಅದ." ಸತ್ಯವಾದ ಮಾತು. ಹತ್ತಿಕೊಳ್ಳುವುದು ದ್ರವವಲ್ಲ, ಅದರ ಆವಿ. ಅದು ಗಾಳಿಗಿಂತ ಭಾರವಾದ್ದರಿಂದ ನೆಲದ ಮೇಲೆ ಹರಡಿ ಬೀಡಿಯ ಬಳಿಗೆ ತಾನೇ ಹೋಗುತ್ತದೆ. ಇಪ್ಪತ್ತು ವರ್ಷ ಟ್ಯಾಕ್ಸಿ ಓಡಿಸಿದ ಕಾಕಾ ಹುಡುಗನಂತೆ ತಲೆ ತಗ್ಗಿಸಿ ಆಚೆ ಹೋದರು.

ಪೈಪನ್ನು ಕೈಯಲ್ಲಿ ಹಿಡಿದು ಚಾಚಾ ನನಗೆ ತೋರಿಸಿದರು. ಒಂದು ಗೇಣು ಸಾಕಾಗುವಲ್ಲಿ ಎರಡು ಗೇಣು ಹಾಕಿದ್ದರು, ಮುಂದೆ ತುದಿ ಸೀಳಿದರೆ ಕತ್ತರಿಸಿ ಮತ್ತೆ ಹಾಕಬಹುದೆಂಬ ಜಾಣತನ. ಉಳಿದ ಉದ್ದ ಸೊಂಡಿಲಿನಂತೆ ಬಾಗಿ ಬೋರಿನ ಫಿನ್ಸಿಗೆ ಒರಗಿತ್ತು. ಬಾಗಿದ ಕಡೆ ಮೇಲಕ್ಕೊಂದು ಗೂನು. ಆವಿ ಬಂದು ಕೂರಲು ಹೇಳಿ ಮಾಡಿಸಿದ ಕಟ್ಟೆ. ಫಿಲ್ಟರು ಬಿಸಿ ಫಿನ್ಸಿನ ಮೇಲೇ ಮಲಗಿತ್ತು. ಒಂದು ವಾರದಲ್ಲಿ ಹೊಸ ಪೈಪು ಅಲ್ಲಿ ಹಳದಿಯಾಗಿ, ಒಣಗಿದ ಹುಣಸೆ ಸಿಪ್ಪೆಯ ಹಾಗೆ ಗಡಸಾಗಿತ್ತು. ಉಗುರಿನಿಂದ ಒತ್ತಿದರೆ ಕೂದಲೆಳೆಯಂಥ ಸೀಳು ಬಾಯಿ ಬಿಟ್ಟಿತು.

"ಇದು ಹರದಿದ್ರ ಬಿಸಿ ಎಂಜಿನ್ ಮ್ಯಾಲ ಪೆಟ್ರೋಲ್ ಸುರೀತಿತ್ತು. ನಿಂತದ್ದು ಚಲೋ ಆತು ಅನ್ರಿ."

ಚೀಲದಲ್ಲಿದ್ದ ಇಳಕಲ್ ಸೀರೆ ನನ್ನ ಕಣ್ಣಿಗೆ ಬಂತು. ಗಾಡಿಯ ಮೇಲಿದ್ದ ಸಿಟ್ಟು ಇಳಿದದ್ದು ಆಗ.

ಬೆಂಕಿಯ ಮುಂದೆ ಕೂತ ಅಳಿಯ ಇಲ್ಲಿ ತಡೆದು ಕೇಳಿದ, ಪೆಟ್ರೋಲ್ ಅಷ್ಟು ಸುಲಭವಾಗಿ ಕುದಿಯುತ್ತದೆಯೇ ಎಂದು. ನೀರಿಗೆ 100 ಡಿಗ್ರಿ ಎಂಬ ಒಂದು ಗೆರೆ ಇದೆ. ಪೆಟ್ರೋಲು ಹಾಗಲ್ಲ, ಅದು ನೂರಾರು ಬಗೆಯ ದ್ರವಗಳ ಕೂಟ. ಹಗುರವಾದವು 35-40 ಡಿಗ್ರಿಗೇ ಎದ್ದು ಹೊರಡುತ್ತವೆ, ಭಾರವಾದವಕ್ಕೆ 200ರ ಹತ್ತಿರ ಬೇಕು. ನೆರಳಲ್ಲೇ ನಲವತ್ತು ದಾಟಿದ ದಿನ, ನೂರು ದಾಟಿದ ಬೋರಿಗೆ ಒರಗಿದ ಪೈಪಿನಲ್ಲಿ ಅದು ಕುದಿಯದೆ ಇನ್ನೇನು ಮಾಡೀತು? ಅಳಿಯ ಈಗ ಹಾಕಿಸುವ ಎಥನಾಲ್ ಬೆರಕೆಯೂ, 2023ರ ಫೆಬ್ರುವರಿಯಲ್ಲಿ ಅವನ ಬೆಂಗಳೂರಿನಲ್ಲೇ ಶೇಕಡಾ 20ರದು ಬಿಡುಗಡೆಯಾಯಿತಲ್ಲ, ಹಳೇ ಗಾಡಿಯ ರಬ್ಬರ್ ಪೈಪಿಗೆ ಒಳ್ಳೆಯ ನೆಂಟನಲ್ಲ. ಎಥನಾಲಿಗೆಂದು ಮಾಡಿರದ ರಬ್ಬರು ಅದರಲ್ಲಿ ಉಬ್ಬುತ್ತದೆ, ಆಮೇಲೆ ಬಿರಿಯುತ್ತದೆ.

ಚಾಚಾನ ಕೆಲಸಕ್ಕೆ ಮರಳುತ್ತೇನೆ. ಎಂಜಿನ್ ಆರಲೆಂದು ಗಾಡಿಯನ್ನು ಬೇವಿನ ನೆರಳಿಗೆ ತಳ್ಳಿಸಿದರು. ಕಾಕಾ ಬೋಗುಣಿಯ ನೀರೆತ್ತಿ ಬೋರಿನ ಮೇಲೆ ಹಾಕಲು ಹೋದರು. "ಹಾಕಬ್ಯಾಡ್ರಿ, ಬೀಡು ಕಬ್ಬಿಣ ಅದು, ಸೀಳ್ತದ" ಎಂದು ತಡೆದರು. ಆಮೇಲೆ ಅವರು ಕೇಳಿದ ಪ್ರಶ್ನೆಗೆ ನಾನು ಕಕ್ಕಾಬಿಕ್ಕಿ. "ಓಡೂವಾಗ ನಿಲ್ತದೋ, ನಿಂದ್ರಿಸಿ ಎಬ್ಬಿಸಿದ ಮ್ಯಾಲ ನಿಲ್ತದೋ?"

ನಿಲ್ಲಿಸಿದ ಮೇಲೆ! ಹದಿನೈದು ದಿನವೂ ಹಾಗೇ ಆಗಿತ್ತು. ಓಡುವಾಗ ಎದುರುಗಾಳಿ ಬೋರನ್ನು ಸವರುತ್ತಿರುತ್ತದೆ, ಟ್ಯಾಂಕಿನಿಂದ ತಣ್ಣಗಿನ ಪೆಟ್ರೋಲು ಪೈಪಿನಲ್ಲಿ ಇಳಿಯುತ್ತಲೇ ಇರುತ್ತದೆ. ಬಿಸಿಯಾಗುವ ಮೊದಲೇ ಅದು ಉರಿದು ಹೋಗಿರುತ್ತದೆ. ನಿಲ್ಲಿಸಿದ ಕೂಡಲೇ ಎರಡೂ ನಿಂತವು. ಎಂಜಿನ್ನಿನ ಒಳಗಿನ ಕಾವು ಮಾತ್ರ ಹೊರಗೆ ಬರುತ್ತಲೇ ಇರುತ್ತದೆ, ಒಲೆ ಆರಿಸಿದ ಮೇಲೂ ಹಂಚಿನ ಮೇಲಿನ ರೊಟ್ಟಿ ಸೀಯುವ ಹಾಗೆ. ಗಾಡಿಗೆ ವಿಶ್ರಾಂತಿ ಕೊಡುತ್ತಿದ್ದೇನೆ ಎಂದುಕೊಂಡು ಬಿಸಿಲಲ್ಲಿ ನಿಲ್ಲಿಸಿದ ಪ್ರತಿ ಸಲವೂ ನಾನು ಪೈಪನ್ನು ಬೇಯಿಸುತ್ತಿದ್ದೆ.

ಚಾಚಾ ಹೊಸ ಪೈಪನ್ನು ಅಳೆದು ಗೇಣುದ್ದಕ್ಕೆ ಕತ್ತರಿಸಿದರು. ಫಿಲ್ಟರನ್ನು ನನ್ನ ಕೈಗಿಟ್ಟರು. ಕಾಕ್‌ನಿಂದ ಕಾರ್ಬ್ಯುರೇಟರಿಗೆ ಎಲ್ಲೂ ಗೂನಿಲ್ಲದೆ ಇಳಿಜಾರಾಗಿಯೇ ಇಳಿಯುವಂತೆ, ಬೋರಿನಿಂದ ಎರಡು ಬೆರಳು ಆಚೆ ಇಟ್ಟು ಜೋಡಿಸಿದರು. ತಂತಿ ಸುತ್ತಿ ಬಿಗಿಯಲಿಲ್ಲ, ತಂತಿ ಪೈಪನ್ನು ಕೊಯ್ಯುತ್ತದಂತೆ. ಎರಡು ತುದಿಗೂ ಕ್ಲಿಪ್ಪು ಹಾಕಿದರು. ಕಾಕಾ ಗಿಡದ ಆಚೆಯಿಂದಲೇ ಸಲಹೆ ಕೊಟ್ಟರು, ಸೈಕಲ್ ಟ್ಯೂಬು ಸುತ್ತಿಬಿಡಿ ಎಂದು. ಚಾಚಾ ತಲೆ ಅಲ್ಲಾಡಿಸಿದರು.

"ಸುತ್ತಿದ್ರ ಬಿಸಿ ತಡಾ ಮಾಡಿ ಬರ್ತದ ಅಷ್ಟ. ಬರೋದು ಬರ್ತದ. ಒಮ್ಮಿ ಒಳಗ ಬಂದ್ರ ಹೊರಗ ಹೋಗ್ಲಿಕ್ಕೂ ತಡಾ ಮಾಡ್ತದ."

ಶಾಖದ ಬಗ್ಗೆ ನಾನು ಒಂದು ಇಡೀ ಪುಸ್ತಕ ಓದಿ ಪರೀಕ್ಷೆ ಬರೆದಿದ್ದೆ. ಈ ಮೂರು ವಾಕ್ಯ ಅದರಲ್ಲಿ ಇತ್ತೋ ಏನೋ, ನನ್ನ ಕೈಗೆ ಸಿಕ್ಕಿರಲಿಲ್ಲ.

ಅಂಗಡಿಯ ಒಳಗೆ ಮೊಳೆ ತುಂಬಿದ ಒಂದು ಡಾಲ್ಡಾ ಡಬ್ಬಿ ಇತ್ತು, ಹಳದಿ ಬಣ್ಣ, ಹಸಿರು ಮರದ ಚಿತ್ರ. ಮೊಳೆ ಸುರುವಿ, ತಗಡು ಕತ್ತರಿಯಿಂದ ಅಂಗೈಯಗಲ ಕತ್ತರಿಸಿ, ಅಂಚು ಮಡಚಿ ತಟ್ಟಿದರು, ಕೈಗಾಗಲೀ ಪೈಪಿಗಾಗಲೀ ತಾಗಿ ಕೊಯ್ಯಬಾರದಲ್ಲ. ಒಳಮೈಯನ್ನು ಸೋಪು ಹಚ್ಚಿ ಉಜ್ಜಿ ಕನ್ನಡಿ ಮಾಡಿದರು. ಮೇಲ್ತುದಿಗೆ ತೂತು ಹೊಡೆದು ಟ್ಯಾಂಕಿನ ಬೋಲ್ಟಿಗೆ ಸಿಗಿಸಿ ಬೋರಿಗೂ ಪೈಪಿಗೂ ನಡುವೆ ಇಳಿಬಿಟ್ಟರು. ಹೊಳೆಯುವ ಮುಖ ಎಂಜಿನ್ ಕಡೆ, ಹಳದಿ ಮುಖ ಪೈಪಿನ ಕಡೆ, ಎರಡಕ್ಕೂ ತಾಗದಂತೆ. ಕಾವು ಹೊಳಪಿಗೆ ಬಡಿದು ಹಿಂದೆ ಹೋಗಬೇಕು, ತಗಡು ಕುಡಿದಷ್ಟನ್ನು ನಡುವಿನ ಗಾಳಿ ಒಯ್ಯಬೇಕು. ಅರ್ಧ ಮರ ತಗಡಿನ ಮೇಲೆ, ಅರ್ಧ ಮರ ಡಬ್ಬಿಯಲ್ಲೇ ಉಳಿಯಿತು.

ಎಲ್ಲ ಸೇರಿ ಹದಿನೆಂಟು ರೂಪಾಯಿ ತೆಗೆದುಕೊಂಡರು. ಇಪ್ಪತ್ತು ಕೊಟ್ಟೆ, ಎರಡು ವಾಪಸು ಕೊಟ್ಟರು. ಜವಳಕ್ಕೆ ಹೊರಟವರು ಎಂದು ತಿಳಿದಾಗ ಮಗುವಿನ ಕೈಗೆ ಕೊಡಿ ಎಂದು ಆ ಚಿಲ್ಲರೆಯ ಮೇಲೆ ಇನ್ನೊಂದು ರೂಪಾಯಿ ಇಟ್ಟರು.

ಲಿಂಗಸುಗೂರಿನ ತನಕ ಗಾಡಿ ಬಿಕ್ಕಲಿಲ್ಲ. ಬಾಗಿಲಲ್ಲಿ ಅಕ್ಕ ನಿಂತಿದ್ದಳು, ಒಂದು ಕಣ್ಣಲ್ಲಿ ಸಿಟ್ಟು, ಇನ್ನೊಂದರಲ್ಲಿ ನೀರು. ಅಯ್ಯನವರು ಗೋಡೆಗೊರಗಿ ನಿದ್ದೆ ಹೋಗಿದ್ದರು. ನಾಲ್ಕೂಮುಕ್ಕಾಲಿಗೆ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಮೊದಲ ಕೂದಲಿಗೆ ಕತ್ತರಿ ಇಟ್ಟೆ. ಮೂರು ಸಲ ಸೋಪು ಹಚ್ಚಿ ತೊಳೆದರೂ ಕೈಯಿಂದ ಪೆಟ್ರೋಲ್ ವಾಸನೆ ಹೋಗಿರಲಿಲ್ಲ. ಮಗು ಮೂಗು ಎಳೆದು ಎಳೆದು ನೋಡಿ, ಅಳುವುದನ್ನು ಮರೆತಿತ್ತು. ಈ ಹುಡುಗನ ಗಾಡಿ ಹುಚ್ಚಿಗೆ ಅಕ್ಕ ಇವತ್ತಿಗೂ ಕೊಡುವ ಕಾರಣ ಅದೇ. ನನ್ನ ಹತ್ತಿರ ಅದಕ್ಕೆ ಎದುರು ವಾದವಿಲ್ಲ.

ಬುಲೆಟ್ಟನ್ನು 2009ರಲ್ಲಿ ಮಾರಿದೆ. ಅಷ್ಟೂ ವರ್ಷ ಆ ತಗಡು ಅಲ್ಲೇ ಇತ್ತು. ಪೈಪನ್ನು ಮಾತ್ರ ಎರಡು ವರ್ಷಕ್ಕೊಮ್ಮೆ, ಚೆನ್ನಾಗಿ ಕಂಡರೂ ಬದಲಿಸುತ್ತಿದ್ದೆ. ಕೊಂಡವನಿಗೆ ತಗಡಿನ ಬಗ್ಗೆ ಹೇಳಿದೆ. ಅವನು ಅಂದ ಕೆಡುತ್ತದೆಂದು ಮರುದಿನವೇ ಕಿತ್ತನಂತೆ.

ಸೀತನಿಯ ಮರುದಿನ ಬೆಳಿಗ್ಗೆ ಅಳಿಯನ ಗಾಡಿ ತಣ್ಣಗಿದ್ದಾಗ ಇಬ್ಬರೂ ಬಗ್ಗಿ ನೋಡಿದೆವು. ಬೆಳ್ಳಿ ಸ್ಲೀವ್ ಒಳ್ಳೆಯದೇ, ಗಾಜಿನ ನೂಲಿನದು, ಮೇಲೆ ಅಲ್ಯುಮಿನಿಯಂ. ಆದರೆ ಹಾಕಿದವರು ಅದನ್ನು ಪ್ಲಾಸ್ಟಿಕ್ ಟ್ಯಾಗಿನಿಂದ ಬೋರಿನ ಪಕ್ಕಕ್ಕೇ ಬಿಗಿದಿದ್ದರು. ಒಳಗಿನ ಪೈಪು ಬಿರಿದಿದೆಯೋ ಇಲ್ಲವೋ ಕಾಣುವಂತಿರಲಿಲ್ಲ. ಬಿಚ್ಚಿ ನೋಡಿದರೆ ಒಂದು ತುದಿಯಲ್ಲಿ ಒದ್ದೆ. ಲಿಂಗಸುಗೂರಿಗೆ ಹೋಗಿ ಹೊಸ ಪೈಪು ತಂದ. ಡಾಲ್ಡಾ ಡಬ್ಬಿ ಎಲ್ಲಿಂದ ಬರಬೇಕು? ಅಕ್ಕನ ಅಡುಗೆಮನೆಯ ಹಿಂದೆ ಖಾಲಿ ಎಣ್ಣೆ ಡಬ್ಬಿ ಇತ್ತು. ತಗಡನ್ನು ನಾನು ಹಿಡಿದುಕೊಂಡೆ, ಕತ್ತರಿ ಅವನ ಕೈಯಲ್ಲಿತ್ತು. ಎರಡು ಬೆರಳು ಅಂತರ ಬಿಟ್ಟಿದ್ದೇವೆ.